ಕಿಲೋಮೀಟರ್ ಬಿಡಿ, ಲಾಂಚ್ ಎಣಿಸಿ

ಕರಾವಳಿ ರೋಡ್ ಟ್ರಿಪ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಮರವಂತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಇದೇ ಹೆದ್ದಾರಿ ಹಿಡಿದು ಗೋವಾ ದಾಟಿದರೆ ಮುಂಬೈವರೆಗೂ ಹೀಗೇ ಇರುತ್ತದೆ ಅಂದುಕೊಂಡಿದ್ದೀರಾ? ಮ್ಯಾಪ್ ಸ್ವಲ್ಪ ಜೂಮ್ ಮಾಡಿ ನೋಡಿ. ಕುಡಾಳ, ಕಣಕವಲಿ, ಚಿಪಳೂಣ, ಮಹಾಡ ಎಂದು ಅದು ಒಳನಾಡಿನಲ್ಲೇ ಸಾಗುತ್ತದೆ. ಕೊಂಕಣದ ಕಡಲು ಬೇಕೆಂದರೆ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಇಳಿಯಬೇಕು.

ನಾವು ನಾಲ್ವರು ಹುಡುಗಿಯರು, ಸಿವಿಲ್ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್. ಪರೀಕ್ಷೆ ಮುಗಿದು ಆರನೇ ಸೆಮಿಸ್ಟರ್ ಶುರುವಾಗುವ ಮೊದಲು ಜನವರಿಯಲ್ಲಿ ಒಂದು ವಾರ ಸಿಗುತ್ತದೆ. ಮುಂದಿನ ವರ್ಷ ಪ್ಲೇಸ್‌ಮೆಂಟ್, ಪ್ರಾಜೆಕ್ಟ್ ಅಂತ ಯಾರು ಎಲ್ಲಿರುತ್ತೇವೋ. ಅಪ್ಪ ಕಾರು ಕೊಡಲು ಒಪ್ಪಿದ್ದಾರೆ, ಆದರೆ ಷರತ್ತು ಇದೆ: ‘ಕತ್ತಲಾದ ಮ್ಯಾಲೆ ಗಾಡಿ ಹೊಡೆಯಂಗಿಲ್ಲ. ಎಲ್ಲಿ ಉಳೀತೀರಿ ಅಂತ ಮೊದಲ ಬರದು ಕೊಡ್ರಿ.’

ಈ ಷರತ್ತೇ ನಮ್ಮ ಪ್ಲಾನಿಗೆ ಬುನಾದಿ. ದಿನಕ್ಕೆ ನೂರು ಕಿಲೋಮೀಟರ್ ಆಸುಪಾಸು, ಅಷ್ಟೇ. ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದು ವೆಂಗುರ್ಲಾ, ಅಲ್ಲಿಂದ ದಡ ಹಿಡಿದು ಉತ್ತರಕ್ಕೆ. ಉತ್ತರಕ್ಕೇ ಯಾಕೆ ಅಂದರೆ ನಾವು ಗಾಡಿ ಓಡಿಸುವುದು ರಸ್ತೆಯ ಎಡಕ್ಕೆ, ಕಡಲೂ ಆಗ ಎಡಕ್ಕೇ ಇರುತ್ತದೆ. ಮುಂಬೈಯಿಂದ ಹೊರಟವರು ಎದುರಿನ ಲಾರಿಗಳ ಸಂದಿಯಲ್ಲಿ ಇಣುಕಬೇಕು!

ಕೊಂಕಣದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ನದಿಗಳು ಕಡಲು ಸೇರುವಲ್ಲಿ ಅಗಲವಾಗಿ ಬಾಯಿ ತೆರೆದಿವೆ. ಜಯಗಡದಲ್ಲಿ ಶಾಸ್ತ್ರಿ, ದಾಭೋಳದಲ್ಲಿ ವಾಶಿಷ್ಠಿ, ಬಾಣಕೋಟದಲ್ಲಿ ಸಾವಿತ್ರಿ, ಅದರಾಚೆ ರಾಜಪುರಿ ಖಾರಿ. ಎದುರು ದಡ ಕಣ್ಣಿಗೆ ಕಾಣುತ್ತದೆ, ರಸ್ತೆ ಮಾತ್ರ ನೀರಿನಲ್ಲಿ ಮುಗಿಯುತ್ತದೆ. ಸುತ್ತಿ ಹೋಗಲು ಒಳನಾಡಿನ ಸೇತುವೆ ಹುಡುಕಬೇಕು, ಇಲ್ಲವೇ ಕಾರನ್ನೇ ಲಾಂಚ್ ಹತ್ತಿಸಬೇಕು. ಕೊನೆಗೆ ಮಾಂಡವಾದಿಂದ ಮುಂಬೈಗೆ 2020ರಲ್ಲಿ ಶುರುವಾದ ರೋ-ರೋ ಹಡಗು ಇದೆ, ಸುಮಾರು ಒಂದು ಗಂಟೆಯ ಪಯಣ. ಹೀಗೆ ಐದು ಸಲ ದಾಟಬೇಕು. ನಿಧಾನಕ್ಕೆ ಹೋಗಬೇಕು ಅಂತ ನಾವು ಹಟ ಹಿಡಿಯಬೇಕಾಗಿಯೇ ಇಲ್ಲ.

ದಾಭೋಳದ ಮೇಲೆ ನನಗೆ ವಿಶೇಷ ಕಣ್ಣು. ಒಂದು ಕಾಲಕ್ಕೆ ಅದು ಬಿಜಾಪುರದ ಆದಿಲ್‌ಶಾಹಿಗಳ ಬಂದರು. ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಬೀದರ್ ನೋಡಿಕೊಂಡು, ಊರಿಗೆ ಮರಳಲು ಹಡಗು ಹತ್ತಿದ್ದೂ ಅಲ್ಲೇ. ನಮ್ಮ ಬಯಲುಸೀಮೆಗೆ ಅರಬ್ಬಿ ಸಮುದ್ರದತ್ತ ಇದ್ದ ಬಾಗಿಲು ಎಂದರೆ ತಪ್ಪಿಲ್ಲ. ಅಲ್ಲಿ ಒಂದು ಲಾಂಚ್ ಬೇಕಂತಲೇ ಬಿಟ್ಟು, ಮುಂದಿನದಕ್ಕೆ ಕಾಯುವುದು ಅಂತ ಬರೆದಿದ್ದೇನೆ.

ಮಾಲವಣದಲ್ಲಿ ಶಿವಾಜಿ 1664ರಲ್ಲಿ ಕಟ್ಟಲು ಆರಂಭಿಸಿದ ಸಿಂಧುದುರ್ಗಕ್ಕೆ ದೋಣಿಯಲ್ಲಿ ಹೋಗಬೇಕು. ದೇವಗಡದಲ್ಲಿ ಆಪೂಸ್ ಸಿಗದು, ಜನವರಿಯಲ್ಲಿ ಹೂವಿನ ಪರಿಮಳವಷ್ಟೇ. ರತ್ನಾಗಿರಿಯಲ್ಲಿ ಬರ್ಮಾದ ಕೊನೆಯ ದೊರೆ ಥೀಬಾನ ಅರಮನೆ ಇದೆ. ಬ್ರಿಟಿಷರು ಅವನನ್ನು ಗಡೀಪಾರು ಮಾಡಿ ಇಲ್ಲಿಟ್ಟರು, 1916ರಲ್ಲಿ ಇಲ್ಲೇ ತೀರಿಕೊಂಡ. ಗಣಪತಿಪುಳೆ ಅಮ್ಮನ ಸಲುವಾಗಿ. ಹರ್ಣೈಯಲ್ಲಿ ಸಂಜೆ ದಡದ ಮೇಲೆ ನಡೆಯುವ ಮೀನು ಹರಾಜು ನನ್ನ ಸಲುವಾಗಿ. ಅಲಿಬಾಗ್‌ನಲ್ಲಿ ನಿಲ್ಲುವುದಿಲ್ಲ, ಅಲ್ಲಿ ನಮಗಿಂತ ಮುಂಬೈಯವರೇ ಜಾಸ್ತಿ. ಊಟದ ಚಿಂತೆ ಉಡುಪಿಯವಳಿಗೆ ಬಿಟ್ಟಿದ್ದೇವೆ. ಅಲ್ಲಿನ ಘಾವಣ ನಮ್ಮ ನೀರುದೋಸೆಯ ತಂಗಿ, ಸೋಲಕಢಿ ಪುನರ್ಪುಳಿಗೆ ತೆಂಗಿನಹಾಲು ಬೆರೆಸಿದ್ದು ಎಂದು ಹೇಳಿದ ಮೇಲೆ ಅವಳ ಅರ್ಧ ಆತಂಕ ಹೋಯಿತು.

ಉಳಿಯಲು ಹೋಟೆಲ್ ಬೇಡ ಅಂದುಕೊಂಡಿದ್ದೇವೆ. ಕೊಂಕಣದ ಊರುಗಳಲ್ಲಿ ಮನೆ ಮುಂದೆ ‘ನಿವಾಸ ವ ನ್ಯಾಹಾರಿ’ ಅಂತ ಬೋರ್ಡ್ ಇರುತ್ತದೆ, ಅಂದರೆ ವಸತಿ ಮತ್ತು ನಾಷ್ಟಾ. ಮರಾಠಿ ಬರುವವಳು ನಾನೊಬ್ಬಳೇ, ಹಾಗಾಗಿ ಫೋನ್ ಮಾಡುವ ಕೆಲಸ ನನ್ನದು. ಮನೆಯ ಹೆಂಗಸರೊಂದಿಗೆ ಮಾತಾಡಿಯೇ ರೂಮು ಗೊತ್ತು ಮಾಡುವುದು ಎಂದಿದ್ದಕ್ಕೆ ಅಮ್ಮನ ಮುಖ ಸಡಿಲವಾಯಿತು. ನೀರಿಗಿಳಿಯುವುದಕ್ಕೂ ನಿಯಮವಿದೆ. ಉಬ್ಬರ-ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಪ್ರತಿ ಊರಿನ ವೇಳೆ ಬರೆದುಕೊಳ್ಳುವುದು, ಇಳಿತದ ಹೊತ್ತಿಗೆ ಅಳಿವೆ ಬಾಯಿಯ ಹತ್ತಿರ ಸುಳಿಯದಿರುವುದು.

ಒಂದು ವಿಷಯಕ್ಕೆ ಮಾತ್ರ ನಮ್ಮಲ್ಲಿ ಜಗಳ. ರೇವಸ್-ರೆಡ್ಡಿ ಕರಾವಳಿ ರಸ್ತೆ ಯೋಜನೆಯಲ್ಲಿ ಈ ಅಳಿವೆಗಳಿಗೆ ಸೇತುವೆಗಳೂ ಸೇರಿವೆ. ‘ಲಾಂಚ್ ಹೋದರೆ ಮಜವೇ ಹೋಯ್ತು’ ಅಂದೆ. ಸಾಗರದವಳು ಸುಮ್ಮನಿರಲಿಲ್ಲ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರು ಲಾಂಚ್ ನೋಡುತ್ತಲೇ ಬೆಳೆದವಳು, 2025ರಲ್ಲಿ ಅಲ್ಲಿ ಸೇತುವೆ ತೆರೆದದ್ದನ್ನೂ ನೋಡಿದವಳು. ‘ರಾತ್ರಿ ಲಾಂಚ್ ನಿಂತ ಮೇಲೆ ಹುಷಾರಿಲ್ಲದವರನ್ನ ಕರ್ಕೊಂಡು ದಡದಲ್ಲಿ ನಿಂತಿದ್ದೀಯೇನೇ?’ ಅಂದಳು. ನಾಳೆ ಸೇತುವೆ ಕಟ್ಟಬೇಕಾದವರು ನಾವೇ ಅಲ್ಲವೇ! ನಾನು ಉತ್ತರಿಸಲಿಲ್ಲ. ಆದರೂ ಸೇತುವೆ ಬರುವ ಮೊದಲೊಮ್ಮೆ ದಾಟಿ ಬರಬೇಕೆಂಬ ಆಸೆ ಹೋಗಿಲ್ಲ.

ಪ್ಲಾನ್ ಈಗ ಅಪ್ಪನ ಟೇಬಲ್ ಮೇಲಿದೆ. ದಾಭೋಳದ ಎದುರು ಕೆಂಪು ಪೆನ್ನಿನಲ್ಲಿ ‘ಕೊನೇ ಲಾಂಚ್ ಎಷ್ಟಕ್ಕ?’ ಅಂತ ಬರೆದಿದ್ದಾರೆ. ನಾಳೆ ಜೆಟ್ಟಿಗೆ ಫೋನ್ ಮಾಡಬೇಕು. ಉಡುಪಿಯ ಮನೆಯಿಂದ ಇನ್ನೂ ಒಪ್ಪಿಗೆ ಬಂದಿಲ್ಲ.