ನಗೆ, ನರಕ ಮತ್ತು ಪ್ರಭುತ್ವ: ‘ಎಲ್ ಇನ್ಫಿಯೆರ್ನೊ’ ಚಲನಚಿತ್ರದಲ್ಲಿ ವಿಡಂಬನೆಯ ನೆಲೆಗಳು

ಹಾಸ್ಯರಸವು ಶೃಂಗಾರದಿಂದ ಹುಟ್ಟುತ್ತದೆ, ಬೀಭತ್ಸದಿಂದ ಭಯಾನಕವು ಹುಟ್ಟುತ್ತದೆ ಎಂಬುದು ಭರತನ ನಾಟ್ಯಶಾಸ್ತ್ರದ ಪ್ರಸಿದ್ಧ ನಿಲುವು. ಆದರೆ ಬೀಭತ್ಸವೇ ನಗೆಯನ್ನು ಹುಟ್ಟಿಸಿದರೆ ಅದನ್ನು ಹೇಗೆ ಗ್ರಹಿಸಬೇಕು? ಆ ನಗೆ ಹಿಂಸೆಯನ್ನು ಹಗುರಗೊಳಿಸುತ್ತದೆಯೇ ಅಥವಾ ಅದರ ಬೇರುಗಳನ್ನು ಬಯಲಿಗೆಳೆಯುತ್ತದೆಯೇ? ಮೆಕ್ಸಿಕೋದ ನಿರ್ದೇಶಕ ಲೂಯಿಸ್ ಎಸ್ತ್ರಾದಾ ಅವರ ‘ಎಲ್ ಇನ್ಫಿಯೆರ್ನೊ’ (ನರಕ, 2010) ಚಲನಚಿತ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರದ ಕಾಲಸಂದರ್ಭ ಮುಖ್ಯವಾದುದು. 2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಮಾದಕವಸ್ತು ಗುಂಪುಗಳ ವಿರುದ್ಧ ಸೈನ್ಯವನ್ನು ಇಳಿಸಿದರು. ಹಿಂಸೆ ಉಲ್ಬಣಿಸುತ್ತಿದ್ದ ಆ ವರ್ಷಗಳಲ್ಲೇ ರಾಷ್ಟ್ರವು 1810ರ ಸ್ವಾತಂತ್ರ್ಯ ಹೋರಾಟದ ದ್ವಿಶತಮಾನೋತ್ಸವಕ್ಕೆ ಅಣಿಯಾಗುತ್ತಿತ್ತು. ಚಿತ್ರ ತೆರೆಕಂಡದ್ದು ಆ ಉತ್ಸವಕ್ಕೆ ಕೆಲವೇ ದಿನಗಳ ಮುಂಚೆ. ‘ಆಚರಿಸುವಂಥದ್ದೇನೂ ಇಲ್ಲ’ ಎಂಬುದು ಅದರ ಪ್ರಚಾರದ ಘೋಷವಾಕ್ಯ. ಉತ್ಸವದ ಹೆಸರಿನ ಸರ್ಕಾರಿ ನೆರವೂ ಇದೇ ಚಿತ್ರಕ್ಕೆ ದೊರೆತಿತ್ತೆಂಬುದು ಗಮನಾರ್ಹ. ಪ್ರಭುತ್ವದ ಹಣದಿಂದಲೇ ಪ್ರಭುತ್ವದ ಲೇವಡಿ ನಡೆದಿತ್ತು.

ಎಸ್ತ್ರಾದಾ ಅವರಿಗೆ ಈ ದಾರಿ ಹೊಸದಲ್ಲ. ‘ಲಾ ಲೇ ದೆ ಎರೋದೆಸ್’ (1999) ಒಂದು ಬಡ ಹಳ್ಳಿಯ ಅಧ್ಯಕ್ಷನ ಮೂಲಕ, 71 ವರ್ಷ ಆಳಿ 2000ದಲ್ಲಿ ಅಧಿಕಾರ ಕಳೆದುಕೊಂಡ ಪಕ್ಷವನ್ನು ಬಣ್ಣಿಸಿತ್ತು. ‘ಉನ್ ಮುಂದೋ ಮಾರವಿಯೋಸೋ’ (2006) ಬಡತನವನ್ನೇ ವಸ್ತುವಾಗಿಸಿಕೊಂಡಿತ್ತು. ಮೂರರಲ್ಲೂ ಪ್ರಧಾನ ನಟ ದಾಮಿಯಾನ್ ಅಲ್ಕಾಸರ್.

‘ಎಲ್ ಇನ್ಫಿಯೆರ್ನೊ’ದ ನಾಯಕ ಬೆನ್ನಿ, ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದು ಗಡೀಪಾರಾಗಿ ಊರಿಗೆ ಮರಳುತ್ತಾನೆ. ತಮ್ಮ ಕೊಲೆಯಾಗಿದ್ದಾನೆ, ಊರಿನಲ್ಲಿ ದುಡಿಮೆಗೆ ದಾರಿಯಿಲ್ಲ. ದೇವದೂತನ ಹೆಸರುಳ್ಳ ಊರು ‘ಸಾನ್ ಮಿಗೆಲ್ ಅರ್ಕಾಂಹೆಲ್’. ಅದು ‘ನಾರ್ಕಾಂಹೆಲ್’ ಎಂದು ತಿರುಚಿಕೊಂಡಿದೆ. ಒಂದು ಅಕ್ಷರದ ಸೇರ್ಪಡೆಯಿಂದ ದೈವದ ಜಾಗದಲ್ಲಿ ಮಾದಕವಸ್ತುವಿನ ದಂಧೆ ಬಂದು ಕೂತಿದೆ. ಬಂಧಿತನಾದ ತಮ್ಮನ ಮಗನನ್ನು ಬಿಡಿಸಲು ಲಂಚ ಹೊಂದಿಸಬೇಕಾದಾಗ ಬೆನ್ನಿ ಬಾಲ್ಯಸ್ನೇಹಿತ ಕೋಚಿಲೋಕೋನ ಮೂಲಕ ದೋನ್ ಹೋಸೆ ರೇಯೆಸ್‌ನ ಗುಂಪನ್ನು ಸೇರುತ್ತಾನೆ. ಚಿತ್ರದ ತಾತ್ವಿಕತೆ ಈ ಒಂದೇ ಘಟನೆಯಲ್ಲಿ ಅಡಗಿದೆಯೆನ್ನಬಹುದು. ಬಡತನ, ಭ್ರಷ್ಟಾಚಾರ, ಮಾದಕವಸ್ತು ಇವು ಮೂರು ಪ್ರತ್ಯೇಕ ಸಮಸ್ಯೆಗಳಲ್ಲ. ಒಂದು ಮತ್ತೊಂದಕ್ಕೆ ಬಾಗಿಲು ತೆರೆಯುತ್ತದೆ. ಅವನನ್ನು ಅಪರಾಧದೊಳಕ್ಕೆ ನೂಕುವುದು ಕಾನೂನಿನ ಕೈಯೇ.

ಇಲ್ಲಿಯ ನಗೆಯ ಸ್ವರೂಪವನ್ನು ಹೀಗೆ ವಿವರಿಸಬಹುದು: ಕೊಲೆ ಒಂದು ನೌಕರಿಯಾಗಿ, ಶವ ವಿಲೇವಾರಿ ಅದರ ದಿನಚರಿಯಾಗಿ ಕಾಣಿಸಿಕೊಳ್ಳುತ್ತದೆ. ಕೋಚಿಲೋಕೋ ಅಕ್ಕರೆಯ ತಂದೆಯೂ ಹೌದು, ನುರಿತ ಕೊಲೆಗಾರನೂ ಹೌದು. ಪ್ರೇಕ್ಷಕ ನಗುವುದು ಕ್ರೌರ್ಯಕ್ಕಲ್ಲ, ಕ್ರೌರ್ಯವನ್ನು ಎಲ್ಲರೂ ಸಹಜವೆಂದು ಒಪ್ಪಿಕೊಂಡಿರುವ ಬಗೆಗೆ. ಅಂತಹ ನಗೆಯಲ್ಲಿ ತನ್ನ ಪಾಲೂ ಇದೆಯೆಂದು ಅರಿವಾದಾಗ ಅದು ಗಂಟಲಲ್ಲೇ ಉಳಿಯುತ್ತದೆ.

ಬೆನ್ನಿ ಕೊನೆಗೆ ಫೆಡರಲ್ ಪೊಲೀಸ್ ಅಧಿಕಾರಿಗೆ ಸತ್ಯ ಹೇಳುತ್ತಾನೆ. ಆತನೋ ಬೆನ್ನಿಯನ್ನು ದೋನ್ ಹೋಸೆಗೇ ಒಪ್ಪಿಸುತ್ತಾನೆ. ಪ್ರತಿ ಸೆಪ್ಟೆಂಬರ್ 15ರ ರಾತ್ರಿ ಪಾದ್ರಿ ಮಿಗೆಲ್ ಇದಾಲ್ಗೋ ಅವರ 1810ರ ಕರೆಯನ್ನು ಸ್ಮರಿಸಿ ಊರೂರಿನ ಆಡಳಿತ ಮುಖ್ಯಸ್ಥರು ಜಯಘೋಷ ಕೂಗುವುದು ಮೆಕ್ಸಿಕೋದ ವಾಡಿಕೆ. ಚಿತ್ರದಲ್ಲಿ ಆ ಘೋಷ ಕೂಗುವ ಬಾಯಿ ದೋನ್ ಹೋಸೆಯದು. ಸತ್ತನೆಂದುಕೊಂಡಿದ್ದ ಬೆನ್ನಿ ಬಂದೂಕು ಹಿಡಿದು ವೇದಿಕೆಯ ಗಣ್ಯರ ಮೇಲೆ ಗುಂಡಿನ ಮಳೆಗರೆಯುತ್ತಾನೆ.

ಇದನ್ನು ಹಿಂಸೆಯ ಸಮರ್ಥನೆಯೆಂದು ಓದುವ ಸಾಧ್ಯತೆ ಇದೆ. ಆದರೆ ಚಿತ್ರ ಅಲ್ಲಿಗೆ ಮುಗಿಯುವುದಿಲ್ಲ. ಸಮಾಧಿಗಳ ಮುಂದೆ ನಿಂತ ತಮ್ಮನ ಮಗ ತಾನೂ ಬಂದೂಕೆತ್ತುತ್ತಾನೆ. ಯಾರನ್ನು ಉಳಿಸಲು ಬೆನ್ನಿ ಈ ದಾರಿ ಹಿಡಿದನೋ ಅವನೇ ಅದರ ವಾರಸುದಾರನಾಗುತ್ತಾನೆ. ಹೀಗಾಗಿ ಪ್ರತೀಕಾರವೂ ವಿಡಂಬನೆಗೆ ಹೊರತಲ್ಲ.

ಒಟ್ಟಿನಲ್ಲಿ, ವಿಡಂಬನೆಯು ಪರಿಹಾರ ಸೂಚಿಸಬೇಕೆಂಬ ನಮ್ಮ ವಿಮರ್ಶೆಯ ರೂಢಿಗತ ನಿರೀಕ್ಷೆಯನ್ನು ಈ ಚಿತ್ರ ಮರುಚಿಂತನೆಗೆ ಒಡ್ಡುತ್ತದೆ. ಸುಳ್ಳು ಸಮಾಧಾನಗಳನ್ನು ಒಂದೊಂದಾಗಿ ಕಿತ್ತುಹಾಕುವುದೂ ವಿಡಂಬನೆಯ ನೈತಿಕ ಹೊಣೆಯೇ. ಬೀಭತ್ಸದಿಂದ ಹುಟ್ಟಿದ ನಗೆ ಅಂತಿಮವಾಗಿ ಕರುಣದಲ್ಲಿ ನೆಲೆನಿಲ್ಲುವುದನ್ನು ಇಲ್ಲಿ ಕಾಣುತ್ತೇವೆ.