ಹಳ್ಳಿಗೊಂದು ಹಾದಿ

ಮಳೆಗಾಲದಲ್ಲಿ ಹಳ್ಳವೊಂದು ತುಂಬಿ ಹರಿಯತೊಡಗಿದರೆ ಅದರಾಚೆಯ ಊರು ದ್ವೀಪವಾಗಿ ಬಿಡುತ್ತದೆ. ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಲಾಗದು. ಮಕ್ಕಳು ಶಾಲೆಗೆ ಹೋಗಲಾರರು. ಬೆಳೆದ ತರಕಾರಿ ಸಂತೆಯನ್ನು ಸೇರುವ ಮೊದಲೇ ಕೊಳೆಯುತ್ತದೆ. ಒಂದು ಸೇತುವೆ, ಮೂರು ನಾಲ್ಕು ಕಿಲೋಮೀಟರು ಗಟ್ಟಿ ರಸ್ತೆ ಇದ್ದರೆ ಈ ಸಂಕಟ ತಪ್ಪುತ್ತದೆ. ಆದರೆ ಅದಕ್ಕೆ ತಗಲುವ ಹಣವನ್ನು ಹೊಂದಿಸುವ ಶಕ್ತಿ ಸಣ್ಣ ಊರಿಗೆ ಇರುವುದಿಲ್ಲ. ಇಂಥ ಕಡೆ ನೆರವಿಗೆ ಬರುವುದೇ ಸರಕಾರದ ಅನುದಾನ.

ಗೊತ್ತಾದ ಒಂದು ಕಾರ್ಯಕ್ಕಾಗಿ, ಗೊತ್ತಾದ ನಿಬಂಧನೆಗಳೊಡನೆ ಸರಕಾರವು ನೀಡುವ ಹಣವೇ ಅನುದಾನ. ಸಾಲದಂತೆ ಇದನ್ನು ಹಿಂದಿರುಗಿಸಬೇಕಾಗಿಲ್ಲ. ಭಾರತದ ಸಂವಿಧಾನದ ಪ್ರಕಾರ ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ ಹೊಣೆ. ಇತರ ರಸ್ತೆಗಳು ರಾಜ್ಯಗಳ ಹೊಣೆ. ಆದರೂ ಯಾವುದೇ ಸಾರ್ವಜನಿಕ ಉದ್ದೇಶಕ್ಕಾಗಿ ಕೇಂದ್ರವು ಅನುದಾನ ಕೊಡಬಹುದೆಂದು 282ನೆಯ ವಿಧಿ ಹೇಳುತ್ತದೆ.

ಈ ಏರ್ಪಾಡಿನ ಹಿಂದೆ ದೀರ್ಘವಾದ ಇತಿಹಾಸವಿದೆ. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ರಸ್ತೆಗಳ ಅಭಿವೃದ್ಧಿಯು ಪ್ರಾಂತ ಸರಕಾರಗಳ ಮತ್ತು ಸ್ಥಳೀಯ ಸಂಸ್ಥೆಗಳ ಶಕ್ತಿಗೆ ಮೀರಿದ್ದೆಂದು ಅದು ಅಭಿಪ್ರಾಯಪಟ್ಟಿತು. ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಹೆಚ್ಚಿನ ತೆರಿಗೆ ವಿಧಿಸಿ, ಆ ಹಣದಿಂದ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಲಾಯಿತು. ರಸ್ತೆಯನ್ನು ಬಳಸುವವರೇ ರಸ್ತೆಯ ವೆಚ್ಚವನ್ನು ಹೊರಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ.

ಸ್ವಾತಂತ್ರ್ಯಾನಂತರ ಹೆದ್ದಾರಿಗಳು ಬೆಳೆದುವಾದರೂ ಸಹಸ್ರಾರು ಹಳ್ಳಿಗಳು ಕಾಲುದಾರಿ, ಬಂಡಿದಾರಿಗಳನ್ನೇ ನೆಚ್ಚಿಕೊಂಡಿದ್ದುವು. ಈ ಕೊರತೆಯನ್ನು ನೀಗಲು 2000ದ ಡಿಸೆಂಬರ್ 25ರಂದು ‘ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ’ ಆರಂಭವಾಯಿತು. ಬಯಲು ಸೀಮೆಯಲ್ಲಿ 500 ಮತ್ತು ಅದಕ್ಕೂ ಹೆಚ್ಚು ಜನರಿರುವ, ಬೆಟ್ಟದ ರಾಜ್ಯಗಳಲ್ಲಿಯೂ ಮರುಭೂಮಿ ಮತ್ತು ಬುಡಕಟ್ಟು ಪ್ರದೇಶಗಳಲ್ಲಿಯೂ 250 ಮತ್ತು ಅದಕ್ಕೂ ಹೆಚ್ಚು ಜನರಿರುವ ನೆಲೆಗಳಿಗೆ ಸರ್ವಋತು ರಸ್ತೆಯನ್ನು ಒದಗಿಸುವುದು ಅದರ ಗುರಿ. ಡೀಸೆಲ್ಲಿನ ಮೇಲಿನ ಸುಂಕದ ಒಂದು ಪಾಲು ಇದಕ್ಕೆ ಆಧಾರವಾಯಿತು. ಮೊದಲು ಪೂರ್ಣ ವೆಚ್ಚವನ್ನು ಕೇಂದ್ರವೇ ವಹಿಸುತ್ತಿತ್ತು. 2015-16ರಿಂದ ಕೇಂದ್ರ ಶೇಕಡ 60, ರಾಜ್ಯ ಶೇಕಡ 40ರಂತೆ ಹಂಚಿಕೆಯಾಯಿತು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಕೇಂದ್ರದ ಪಾಲು ಶೇಕಡ 90. ಕರ್ನಾಟಕದಲ್ಲಿ ಈ ಕಾರ್ಯವನ್ನು ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆಯು ನಿರ್ವಹಿಸುತ್ತದೆ. 2024ರಲ್ಲಿ ಮಂಜೂರಾದ ನಾಲ್ಕನೆಯ ಹಂತದಲ್ಲಿ, ರಸ್ತೆಯಿಲ್ಲದ 25,000 ನೆಲೆಗಳಿಗಾಗಿ 62,500 ಕಿಲೋಮೀಟರು ರಸ್ತೆ ನಿರ್ಮಿಸಲು 70,125 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಲಾಯಿತು.

ಹಣ ಮಂಜೂರಾದ ಮಾತ್ರಕ್ಕೆ ರಸ್ತೆಯಾಗುವುದಿಲ್ಲ. ಈ ಯೋಜನೆಯಲ್ಲಿ ಭೂಮಿಯನ್ನು ಕೊಳ್ಳಲು ಹಣವಿಲ್ಲ. ಭೂಮಿಯನ್ನು ರಾಜ್ಯವೇ ಒದಗಿಸಬೇಕು. ಅನೇಕ ಕಡೆ ರೈತರು ತಮ್ಮ ಹೊಲದ ಅಂಚನ್ನು ತಾವಾಗಿಯೇ ಬಿಟ್ಟುಕೊಡುತ್ತಾರೆ. ಗುಂಟೆಗಳ ಲೆಕ್ಕದಲ್ಲಿ ಜಮೀನುಳ್ಳವನಿಗೆ ಇದು ಸಣ್ಣ ತ್ಯಾಗವಲ್ಲ. ಆದ್ದರಿಂದಲೇ ನಕ್ಷೆ ಸಿದ್ಧವಾಗುವ ಮುನ್ನ ಇಂಜಿನಿಯರರು ಪಂಚಾಯಿತಿಯ ಸದಸ್ಯರೊಡನೆ ಮತ್ತು ಊರವರೊಡನೆ ಹಾದಿಯುದ್ದಕ್ಕೂ ನಡೆದು, ಯಾರ ಹೊಲ, ಯಾವ ಮರ, ಯಾವ ಮನೆಗೆ ಧಕ್ಕೆಯಾಗುವುದೆಂದು ಕಂಡು ಚರ್ಚಿಸಬೇಕೆಂಬ ನಿಯಮವಿದೆ.

ಅನುದಾನವು ಕಂತುಗಳಲ್ಲಿ ಬರುತ್ತದೆ. ಹಿಂದಿನ ಹಣ ಸರಿಯಾಗಿ ವಿನಿಯೋಗವಾಯಿತೆಂಬ ಪ್ರಮಾಣಪತ್ರವಿಲ್ಲದೆ ಮುಂದಿನ ಕಂತು ದೊರೆಯದು. ಕಾಮಗಾರಿಯ ಗುಣಮಟ್ಟವನ್ನು ಮೂರು ಹಂತಗಳಲ್ಲಿ ಪರೀಕ್ಷಿಸಲಾಗುತ್ತದೆ: ಮೊದಲು ಕಾಮಗಾರಿಯ ಇಂಜಿನಿಯರರು, ಬಳಿಕ ರಾಜ್ಯದ ಪರಿವೀಕ್ಷಕರು, ಕೊನೆಗೆ ರಾಷ್ಟ್ರಮಟ್ಟದ ಪರಿವೀಕ್ಷಕರು. ರಸ್ತೆಯ ಬದಿಯಲ್ಲಿ ಕಾಮಗಾರಿಯ ವಿವರಗಳುಳ್ಳ ಫಲಕವೊಂದನ್ನು ನಿಲ್ಲಿಸುತ್ತಾರೆ. ಅದನ್ನು ಓದಿ ಪ್ರಶ್ನಿಸುವ ಹಕ್ಕು ಊರಿನ ಪ್ರತಿಯೊಬ್ಬನಿಗೂ ಇದೆ.

ಮುಗಿದ ರಸ್ತೆಯನ್ನು ಐದು ವರ್ಷಗಳ ಕಾಲ ಅದೇ ಗುತ್ತಿಗೆದಾರನು ದುರಸ್ತಿಯಲ್ಲಿಡಬೇಕು. ಅನಂತರವೂ ಅದರ ಪಾಲನೆಗೆ ಹಣ ಒದಗಿಸುವುದು ರಾಜ್ಯದ ಕರ್ತವ್ಯ. ಹೊಸ ರಸ್ತೆಗೆ ಉತ್ಸಾಹದಿಂದ ಹಣ ದೊರೆಯುತ್ತದೆ. ಹಳೆಯ ರಸ್ತೆಯ ದುರಸ್ತಿಗೆ ದೊರೆಯುವುದು ಕಷ್ಟ. ಡಾಂಬರು ರಸ್ತೆಗೆ ನೀರೇ ದೊಡ್ಡ ಶತ್ರು. ಬದಿಯ ಚರಂಡಿ ಕಟ್ಟಿಕೊಂಡರೆ ನಿಂತ ನೀರು ಒಳಗಿಳಿದು ಬುನಾದಿಯನ್ನು ಸಡಿಲಿಸುತ್ತದೆ. ವಾಹನಗಳ ಭಾರಕ್ಕೆ ಸಣ್ಣ ಬಿರುಕು ಗುಂಡಿಯಾಗುತ್ತದೆ. ಕೋಟಿ ವೆಚ್ಚದ ಕೆಲಸ ಒಂದು ಚರಂಡಿಯ ಅಲಕ್ಷ್ಯದಿಂದ ಹಾಳಾಗಬಹುದು.

ಬಸ್ಸಿನಲ್ಲಿ ಪ್ರಯಾಣ ಮಾಡುವ ಕೂಲಿಯವನು, ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸುವ ರೈತ, ಅಂಗಡಿಯಲ್ಲಿ ಉಪ್ಪು ಸಕ್ಕರೆ ಕೊಳ್ಳುವ ಗೃಹಿಣಿ, ಇವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಸರಕಾರದ ಬೊಕ್ಕಸಕ್ಕೆ ತಮ್ಮ ಪಾಲನ್ನು ಸಲ್ಲಿಸಿದವರೇ. ಆ ಹಣವೇ ಹಳ್ಳಿಗೆ ರಸ್ತೆಯಾಗಿ ಮರಳಿ ಬರುತ್ತದೆ. ಈ ತಿಳಿವಳಿಕೆ ಮೂಡಿದಾಗ ಊರಿನ ಜನರು ರಸ್ತೆಯನ್ನು ತಮ್ಮ ಮನೆಯ ಅಂಗಳದಂತೆ ಕಾಣುತ್ತಾರೆ. ಕೆಲಸ ಕೆಟ್ಟರೆ ಕೇಳುತ್ತಾರೆ, ಚರಂಡಿಗೆ ಕಸ ಸುರಿಯಲು ಹಿಂಜರಿಯುತ್ತಾರೆ. ಅಂಥ ಊರಿಗೆ ಮಳೆಗಾಲವು ಮತ್ತೆ ದ್ವೀಪವಾಸವನ್ನು ತರಲಾರದು.