ನರ್ಮದಾ ಕಣಿವೆಯ ಜನಾಂದೋಲನ

ಅಮರಕಂಟಕದಲ್ಲಿ ಉದ್ಭವಿಸಿ, 1,312 ಕಿಲೋಮೀಟರು ಪಶ್ಚಿಮಾಭಿಮುಖವಾಗಿ ಹರಿದು ಭರೂಚದ ಬಳಿ ಸಮುದ್ರವನ್ನು ಸೇರುವ ನರ್ಮದೆಯು ಪರಿಕ್ರಮಕ್ಕೆ ಪ್ರಸಿದ್ಧವಾದ ನದಿ. ಯಾತ್ರಿಕರು ಅದನ್ನು ಬಲಕ್ಕಿಟ್ಟುಕೊಂಡು ಉಭಯ ತೀರಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತುವರು. ಇದಕ್ಕೆ ಅಡ್ಡಲಾಗಿ ಗುಜರಾತಿನಲ್ಲಿ ನಿರ್ಮಿತವಾದ ಸರ್ದಾರ್ ಸರೋವರ ಅಣೆಕಟ್ಟು ಕಚ್ಛ, ಸೌರಾಷ್ಟ್ರಗಳ ನೀರಿನ ಬವಣೆಯನ್ನು ನೀಗುವ ಉದ್ದೇಶವುಳ್ಳದ್ದು. ಸುಮಾರು 18 ಲಕ್ಷ ಹೆಕ್ಟೇರು ಭೂಮಿಗೆ ನೀರುಣಿಸುವುದು ಅದರ ಗುರಿ. ಈ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರನ್ನು ಪಡೆಯುವವರು ಒಂದು ರಾಜ್ಯದವರು, ನೆಲವನ್ನು ಕಳೆದುಕೊಂಡವರಲ್ಲಿ ಬಹುಪಾಲು ಇನ್ನೊಂದು ರಾಜ್ಯದವರು. ಮುಳುಗಡೆಗೆ ಈಡಾದ 245 ಗ್ರಾಮಗಳಲ್ಲಿ ಹೆಚ್ಚಿನವು ಮಧ್ಯಪ್ರದೇಶಕ್ಕೆ ಸೇರಿದವು. ಆಂದೋಲನದ ಮೂಲವಿರುವುದು ಇಲ್ಲಿಯೇ.

1979ರಲ್ಲಿ ನರ್ಮದಾ ಜಲವಿವಾದ ನ್ಯಾಯಮಂಡಳಿಯು ಅಣೆಕಟ್ಟಿನ ಎತ್ತರವನ್ನು ನಿಗದಿಪಡಿಸಿದಾಗ, ನಿರಾಶ್ರಿತರಿಗೆ ಭೂಮಿಗೆ ಪ್ರತಿಯಾಗಿ ಭೂಮಿಯನ್ನೇ ಕೊಡತಕ್ಕದ್ದೆಂದು ವಿಧಿಸಿತು. ಭೂಮಿ ಕಳೆದುಕೊಂಡ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರು. ಅಂದಿನ ಮಟ್ಟಿಗೆ ಇದು ಉದಾರವಾದ ತೀರ್ಪೇ ಸರಿ. ಆದರೆ ಭೂಮಿಯ ಹಕ್ಕು ಕಾಗದಪತ್ರವನ್ನು ಅವಲಂಬಿಸಿತ್ತು. ತಲೆತಲಾಂತರದಿಂದ ಕಾಡಿನ ನೆಲವನ್ನು ಉತ್ತು ಬಿತ್ತಿದ ಆದಿವಾಸಿಗಳ ಬಳಿ ಪಟ್ಟಾ ಇರಲಿಲ್ಲ. ಹೀಗಾಗಿ ತಮ್ಮದೇ ನೆಲದಲ್ಲಿ ಅವರು ಅತಿಕ್ರಮಣಕಾರರೆನಿಸಿದರು. ಮೀನು, ಮೇವು, ಸೌದೆ, ನದಿಯ ಮೆಕ್ಕಲುಮಣ್ಣಿನ ಬೆಳೆ ಇವು ಯಾವ ದಾಖಲೆಗೂ ಸೇರಿರಲಿಲ್ಲ. ಸೇರದುದಕ್ಕೆ ಪರಿಹಾರವೂ ಇರಲಿಲ್ಲ.

1985ರಲ್ಲಿ ವಿಶ್ವಬ್ಯಾಂಕು ಈ ಯೋಜನೆಗೆ 45 ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಿತು. ಅದೇ ದಶಕದಲ್ಲಿ ಮೇಧಾ ಪಾಟ್ಕರ್ ಮತ್ತು ಅವರ ಸಂಗಡಿಗರು ಹಳ್ಳಿಹಳ್ಳಿಗಳಲ್ಲಿ ಜನರನ್ನು ಸಂಘಟಿಸಿದರು. ಬಾಬಾ ಆಮ್ಟೆಯವರು ನರ್ಮದೆಯ ದಡದಲ್ಲಿಯೇ ಬಂದು ನೆಲೆಸಿದರು. 1989ರ ಸೆಪ್ಟೆಂಬರಿನಲ್ಲಿ ಹರಸೂದಿನಲ್ಲಿ ಬೃಹತ್ ಸಮಾವೇಶ ನಡೆಯಿತು. ಪಾದಯಾತ್ರೆ, ಉಪವಾಸಗಳ ಫಲವಾಗಿ 1991ರಲ್ಲಿ ವಿಶ್ವಬ್ಯಾಂಕು ಸ್ವತಂತ್ರ ಪರಿಶೀಲನಾ ಸಮಿತಿಯನ್ನು ನೇಮಿಸಬೇಕಾಯಿತು. ಬ್ರಾಡ್‌ಫರ್ಡ್ ಮೋರ್ಸ್ ಅವರ ಅಧ್ಯಕ್ಷತೆಯ ಈ ಸಮಿತಿಯು 1992ರಲ್ಲಿ, ಅಂದಿನ ಪರಿಸ್ಥಿತಿಯಲ್ಲಿ ನಿರಾಶ್ರಿತರೆಲ್ಲರ ಪುನರ್ವಸತಿ ಅಸಾಧ್ಯವೆಂದು ವರದಿ ಮಾಡಿತು. 1993ರಲ್ಲಿ ಭಾರತವು ಉಳಿದ ಸಾಲವನ್ನು ಕೈಬಿಟ್ಟಿತು.

ಆದರೂ ಕಟ್ಟಡ ನಿಲ್ಲಲಿಲ್ಲ. ಆಂದೋಲನವು 1994ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು; ಕೆಲವು ವರ್ಷ ಕೆಲಸಕ್ಕೆ ತಡೆ ಬಿದ್ದಿತು. 2000ದ ಅಕ್ಟೋಬರ್ 18ರಂದು ಬಹುಮತದ ತೀರ್ಪು ಹಂತಹಂತವಾಗಿ ಎತ್ತರಿಸಲು ಅನುಮತಿಯಿತ್ತಿತು. ನ್ಯಾಯಮೂರ್ತಿ ಭರೂಚಾ ಭಿನ್ನಮತವನ್ನು ದಾಖಲಿಸಿದರು. ಸಮಾವೇಶಕ್ಕೆ ಎಡೆಯಾಗಿದ್ದ ಹರಸೂದು ಪಟ್ಟಣವೇ 2004ರಲ್ಲಿ, ಅದೇ ನದಿಯ ಇಂದಿರಾ ಸಾಗರದ ಹಿನ್ನೀರಿಗಾಗಿ ತೆರವಾಯಿತು. ಸರ್ದಾರ್ ಸರೋವರವು 2017ರಲ್ಲಿ ಲೋಕಾರ್ಪಣೆಗೊಂಡು, 2019ರಲ್ಲಿ 138.68 ಮೀಟರುಗಳ ಪೂರ್ಣಮಟ್ಟಕ್ಕೆ ತುಂಬಿತು.

ಅಣೆಕಟ್ಟನ್ನು ತಡೆಯುವಲ್ಲಿ ಆಂದೋಲನವು ಸಫಲವಾಗಲಿಲ್ಲವೆಂಬುದು ನಿಜ. ಆದರೆ ಅದು ನಿಷ್ಫಲವೆಂದು ಹೇಳುವುದು ಸಲ್ಲದು. ಭೂಮಿ ದೊರೆಯದ 681 ಕುಟುಂಬಗಳಿಗೆ ತಲಾ 60 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದ್ದು ಆ ದೀರ್ಘ ಹೋರಾಟದ ಫಲ. ಕಣಿವೆಯ ಮಕ್ಕಳಿಗಾಗಿ ತೆರೆದ ಜೀವನಶಾಲೆಗಳು ಅದರ ಇನ್ನೊಂದು ಫಲ. ಎಲ್ಲಕ್ಕಿಂತ ಮಿಗಿಲಾಗಿ, ಯೋಜನೆಯೊಂದರ ಲಾಭವನ್ನು ಎಣಿಸುವಾಗ ಅದರ ಬೆಲೆಯನ್ನು ತೆರುವವರು ಯಾರೆಂಬುದನ್ನೂ ಎಣಿಸಬೇಕೆಂಬ ಪ್ರಶ್ನೆಯನ್ನು ಅದು ದೇಶದ ಮುಂದಿಟ್ಟಿತು. ನೀರು ಎಷ್ಟು ಎತ್ತರಕ್ಕೆ ಏರಿದರೂ ಈ ಪ್ರಶ್ನೆ ಮುಳುಗುವಂಥದಲ್ಲ.